ನೆಟಿಗೆ ಗೋಡೆ

"ಬೇರೆ ಎಲ್ಲಿ ಬೇಕಾದ್ರೂ ಮುಟ್ಟಿ. ಬಾಗಿಲ ಒಳಗಿನ ಆ ಬಲಗೋಡೆಗೆ ಮಾತ್ರ ಕೈ ಹಾಕ್ಬೇಡಿ ಕಣಮ್ಮ."

ಪ್ರೇಮಲೀಲಾ ಟೀಚರ್ ಹೀಗೆ ಹೇಳಿದಾಗ ಹೇಮಶ್ರೀಗೆ ನಗು ತಡೆಯಲಾಗಲಿಲ್ಲ. ಆಯಸ್ಸೆಲ್ಲ ಇದೇ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ, ನಿವೃತ್ತಿಯಾದ ಮೇಲೂ ಎದುರು ಮನೆಯ ಜಗುಲಿಯಲ್ಲಿ ಕೂತು ಅದನ್ನೇ ನೋಡುತ್ತಿರುವ ಹೆಂಗಸು ಆಡುವ ಮಾತೇ ಇದು? ಕಟ್ಟಡ ಎಷ್ಟು ಗಟ್ಟಿಯಿದೆ ಎಂದು ಪರೀಕ್ಷೆ ಮಾಡಲು ಬಂದ ಎಂಜಿನಿಯರಿಗೆ ಗೋಡೆ ಮುಟ್ಟಬೇಡಿ ಅನ್ನುವುದೂ, ಡಾಕ್ಟರಿಗೆ ನಾಡಿ ಹಿಡಿಯಬೇಡಿ ಅನ್ನುವುದೂ ಒಂದೇ.

"ಯಾಕೆ ಟೀಚರ್, ಮಾಟ ಗೀಟ ಮಾಡ್ಸಿದಾರಾ?"

"ಹೂಂ."

"ಯಾರು, ಕೊಳ್ಳೇಗಾಲದವ್ರಾ?"

ಟೀಚರ್ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ರಸ್ತೆಯಾಚೆ ನೋಡಿದರು. "ನಾನೂ ನಿಮ್ಮ ಥರಾನೇ ನಗ್ತಿದ್ದೆ. ತಿಮ್ಮಮ್ಮನ ಎದುರಿಗೇ ನಕ್ಕಿದೀನಿ. ಆಮೇಲೆ ಬಿಟ್ಬುಟ್ಟೆ."

ರಸ್ತೆಯಾಚೆ ಕೆಂಪುಶಾಲೆ ನಿಂತಿತ್ತು. ನಜರ್‌ಬಾದಿನ ಆ ಹಿಂಬೀದಿಯ ಜನ ಅದನ್ನು ಕರೆಯುವುದೇ ಹಾಗೆ. ಅರಸರ ಕಾಲದ ಹೆಣ್ಣುಮಕ್ಕಳ ಶಾಲೆ. ಸುಣ್ಣದ ಗಾರೆಯ ದಪ್ಪ ಗೋಡೆಗಳು, ತೇಗದ ತೊಲೆಗಳು, ಕಮಾನಿನ ಕಿಟಕಿಗಳು. ಮಕ್ಕಳು ಕಡಿಮೆಯಾಗುತ್ತ ಬಂದು, ಕೊನೆಗೆ ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿದ್ದವು. ಹೆಂಚು ಜಾರಿದ ಕಡೆ ಅರಳಿ ಗಿಡ ಎದ್ದಿತ್ತು. ಕಿಟಕಿಗಳಿಗೆ ಹಲಗೆ ಬಡಿದಿದ್ದರು. ದಸರೆಗೆ ಊರೆಲ್ಲ ಸೀರಿಯಲ್ ಸೆಟ್ ಹಾಕಿಕೊಂಡು ಮಿಣುಗುವಾಗಲೂ ಆ ಬೀದಿಯಲ್ಲಿ ಇದೊಂದು ಮಾತ್ರ ಕಪ್ಪಗೆ ಕೂತಿರುತ್ತಿತ್ತು.

ತಿಮ್ಮಮ್ಮ ಅಂದರೆ ಆ ಶಾಲೆಯ ಆಯಾ. ಬೆಳಿಗ್ಗೆ ಬಾಗಿಲಲ್ಲಿ ನಿಂತು, ಒಳಗೆ ಬರುವ ಒಬ್ಬೊಬ್ಬ ಹುಡುಗಿಯ ಮುಖವನ್ನೂ ಎರಡು ಕೈಯಿಂದ ಸವರಿ ದೃಷ್ಟಿ ತೆಗೆಯುತ್ತಿದ್ದಳು. ತಾಯಂದಿರೆಲ್ಲ ಮಾಡುವಂಥದ್ದೇ. ಮಗುವಿನ ಕೆನ್ನೆ ಸವರಿ, ಆ ಬೆರಳುಗಳನ್ನು ತನ್ನ ಕಪಾಲಕ್ಕೆ ಒತ್ತಿ ನೆಟಿಗೆ ಮುರಿಯುವುದು. ಬೆರಳು ಲಟಲಟ ಅಂದರೆ ಮಗುವಿನ ಮೇಲಿನ ಕೆಟ್ಟ ಕಣ್ಣು ಹೋಯಿತೆಂದು ಸಮಾಧಾನ. ಆದರೆ ತಿಮ್ಮಮ್ಮ ಊರ ಮಕ್ಕಳ ದೃಷ್ಟಿಯನ್ನೆಲ್ಲ ತನ್ನ ಕಪಾಲಕ್ಕೆ ಎಳೆದುಕೊಂಡು ಸಂಜೆ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿದ್ದ ಅವಳ ಒಬ್ಬಳೇ ಮಗಳು ಯಾವ ಕಾಯಿಲೆಯೆಂದು ಯಾರಿಗೂ ತಿಳಿಯದೆ ಬಾಡಿ ಬಾಡಿ ತೀರಿಕೊಂಡಳು. ಆಮೇಲೆ ಅವಳು ಯಾವನೋ ಮಂತ್ರವಾದಿಯನ್ನು ಕರೆತಂದು ಬಾಗಿಲ ಒಳಗಿನ ಬಲಗೋಡೆಗೆ ಕಟ್ಟು ಹಾಕಿಸಿದಳಂತೆ. ಗಾರೆಯೊಳಗೆ ತಾಮ್ರದ ತಗಡು ಹೂತರಂತೆ. ಅಂದಿನಿಂದ ಮಕ್ಕಳ ಮುಖ ಸವರಿದ ಬೆರಳನ್ನು ಅವಳು ಆ ಗೋಡೆಗೆ ಒತ್ತಿ ನೆಟಿಗೆ ಮುರಿಯತೊಡಗಿದಳು. ಸಾಯುವವರೆಗೂ ಹಾಗೇ ಮಾಡಿದಳು.

"ಆ ಗೋಡೆ ವಯಸ್ಸಾಗಿ ತಾನೇ ಬಿದ್ರೆ ಎಲ್ಲಾ ಮಣ್ಣಿಗೆ ಹೋಗುತ್ತಂತೆ," ಎಂದರು ಟೀಚರ್. ಈಗ ಅವರ ದನಿ ತಗ್ಗಿತ್ತು. "ಯಾರಾದ್ರೂ ಬೇಕೂಂತ ಅದರ ಮೇಲೆ ಏನಾದ್ರೂ ಒಡೆದ್ರೆ, ಮೊದಲು ಒಡೆದ ಕೈಗೆ ಎಲ್ಲಾ ಬರುತ್ತಂತೆ."

"ಬಂದ್ರೆ ಬರ್ಲಿ ಬಿಡಿ ಟೀಚರ್. ಸೋಪು ಹಾಕಿ ತೊಳ್ಕೋತೀನಿ," ಎಂದು ಹೇಮಶ್ರೀ ಬ್ಯಾಗು ಹೆಗಲಿಗೇರಿಸಿ ರಸ್ತೆ ದಾಟಿದಳು.

ಅವಳಿಗೆ ಮೈಸೂರು ಇನ್ನೂ ಹೊಸದು. ತುಮಕೂರಿನವಳು. ಗಂಡ ಗೌತಮನಿಗೆ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸವಾಗಿ, ಅಲ್ಲೇ ಹೊಸ ಬಡಾವಣೆಯಲ್ಲಿ ಮನೆ ಹಿಡಿದಿದ್ದರು. ಅವಳಿಗೂ ಕಟ್ಟಡ ಪರೀಕ್ಷೆ ಮಾಡುವ ಎಂಜಿನಿಯರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮಗಳು ಬಿಂದುವಿಗೆ ಮಾತ್ರ ಶಾಲೆ ಸಿಗಲಿಲ್ಲ. ಇವರು ಬರುವ ಹೊತ್ತಿಗೆ ಎಲ್ಲ ಕಡೆ ಸೀಟು ಮುಗಿದಿತ್ತು. ಹೋದಲ್ಲೆಲ್ಲ ಮುಂದಿನ ವರ್ಷ ನೋಡೋಣ ಅನ್ನುವವರೇ. ಮಗು ಮನೆಯಲ್ಲಿ ದಿಂಬುಗಳನ್ನು ಸಾಲಾಗಿ ಕೂರಿಸಿ ತಾನೇ ಹಾಜರಿ ಕೂಗಿ, ತಾನೇ ಉತ್ತರ ಕೊಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಹೇಮಶ್ರೀ ಮತ್ತೊಂದು ಶಾಲೆಗೆ ಫೋನ್ ಮಾಡುತ್ತಿದ್ದಳು.

ಕೆಂಪುಶಾಲೆಯ ಟ್ರಸ್ಟಿನವರದೇ ಇನ್ನೊಂದು ಶಾಲೆ ಊರ ಹೊರಗಿತ್ತು. ದೊಡ್ಡದು, ಗಾಜಿನ ಮುಂಭಾಗದ್ದು, ಸೀಟು ಸಿಗುವುದೇ ಕಷ್ಟ. ಟ್ರಸ್ಟಿನ ಕಾರ್ಯದರ್ಶಿ ವೃಷಭೇಂದ್ರಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ಮೃದುವಾಗಿ ಮಾತಾಡುವ ಮನುಷ್ಯ. ಹಳೇ ಶಾಲೆಯ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಬೇಕೆಂದು ಅವರ ಆಸೆ. ಪಾರಂಪರಿಕ ಕಟ್ಟಡವಾದ್ದರಿಂದ, ಶಿಥಿಲವಾಗಿದೆ ಎಂದು ಎಂಜಿನಿಯರು ಹೇಳದೆ ಒಡೆಯುವಂತಿಲ್ಲ.

"ಆ ಬಿಲ್ಡಿಂಗು ಇವತ್ತೋ ನಾಳೆಯೋ ಬೀಳೋದು ಮೇಡಂ, ನೀವೂ ನೋಡಿ ಹಂಗೇ ಬರೀತೀರಿ," ಎಂದಿದ್ದರು ಅವರು. ಕಾಫಿ ಒಂದು ಗುಟುಕು ಕುಡಿದು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, "ಮಗಳ ಸೀಟಿನ ಯೋಚ್ನೆ ಬುಡಿ. ದಸರಾ ರಜ ಮುಗಿದ ಮೇಲೆ ಕಳ್ಸಿ. ಯೂನಿಫಾರಂ ಹೊಲಿಯೋಕೆ ಕೊಟ್ಬುಡಿ," ಎಂದರು.

ಹೇಮಶ್ರೀ ಆ ಎರಡು ಮಾತಿನ ನಡುವಿನ ನಂಟು ಕೇಳಿಸದವಳ ಹಾಗೆ ಕೂತಿದ್ದಳು. ಮಾರನೆಯ ದಿನ ಬಟ್ಟೆ ತೆಗೆದು ಹೊಲಿಯಲು ಕೊಟ್ಟಳು.

ಹಾಗೆಂದು ಅವಳು ಕೆಲಸಗಳ್ಳಿಯಲ್ಲ. ಮಳೆಗಾಲದ ಮೊದಲಲ್ಲೇ ಬಂದು ಗೋಡೆಯ ಬಿರುಕುಗಳ ಮೇಲೆ ಅಡ್ಡಡ್ಡ ತೆಳು ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದಳು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಬಿರುಕು ಹಳೆಯದು, ಗೋಡೆ ಗಟ್ಟಿ. ಇಂದು ಅದನ್ನು ನೋಡಿ ವರದಿ ಬರೆಯಬೇಕಿತ್ತು.

ಬಾಗಿಲು ತಳ್ಳಿದಳು. ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಬಾವಲಿ ಹಿಕ್ಕೆಯ ಕಟುವಾಸನೆ, ಒದ್ದೆ ಸುಣ್ಣ, ಎಂದೋ ಅರೆದು ಹೋದ ಸೀಮೆಸುಣ್ಣ, ಅದರಡಿ ಇನ್ನೇನೋ. ಕೊಬ್ಬರಿ ಎಣ್ಣೆ. ಸಾಲಾಗಿ ನಿಂತ ಹುಡುಗಿಯರ ಜಡೆಯಿಂದ ಬರುವಂಥ ಎಣ್ಣೆಯ ವಾಸನೆ. ಹೊರಗೆ ಮಧ್ಯಾಹ್ನದ ಬಿಸಿಲಿದ್ದರೂ ಹಲಗೆ ಬಡಿದ ಕಿಟಕಿಗಳಿಂದಾಗಿ ಪಡಸಾಲೆಯಲ್ಲಿ ಕತ್ತಲು ತುಂಬಿತ್ತು. ಎಲ್ಲೋ ಒಳಕೋಣೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಹೇಮಶ್ರೀ ಮೊಬೈಲಿನ ಟಾರ್ಚು ಹಾಕಿಕೊಂಡು ಕೋಣೆಯಿಂದ ಕೋಣೆಗೆ ನಡೆದಳು. ಮುರಿದ ಬೆಂಚುಗಳು, ಗೆದ್ದಲು ಹತ್ತಿದ ಕಪ್ಪುಹಲಗೆ, ಸೂರಿನಿಂದ ತಲೆಕೆಳಗಾಗಿ ಜೋತ ಬಾವಲಿಗಳು. ಒಂದೊಂದು ಗಾಜಿನ ಪಟ್ಟಿಯನ್ನೂ ನೋಡಿದಳು. ಒಂದೂ ಒಡೆದಿರಲಿಲ್ಲ. ಈ ವರ್ಷದ ಮಳೆಯಷ್ಟನ್ನೂ ಕುಡಿದು ಕಟ್ಟಡ ಜಪ್ಪಯ್ಯ ಎನ್ನದೆ ನಿಂತಿತ್ತು.

ಸೂರು ಸರಿಮಾಡಿ, ಗಿಡ ಕಿತ್ತು, ಗಾರೆ ಮೆತ್ತಿದರೆ ಇನ್ನೂ ಎಷ್ಟೋ ತಲೆಮಾರು ಬಾಳುವ ಶಾಲೆ. ಅವಳಿಗದು ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಬಾಗಿಲ ಬಳಿಗೆ ಮರಳಿ ಬಂದಳು. ಕಮಾನು, ಅದರ ಮೇಲಿನ ಅಟ್ಟ, ಸೂರಿನ ಭಾರ ಎಲ್ಲ ನಿಂತಿದ್ದುದು ಆ ಬಲಗೋಡೆಯ ಮೇಲೆ. ಇದೊಂದು ಅಲುಗುತ್ತಿದೆ ಎಂದು ತೋರಿಸಿದರೆ ಸಾಕು, ಬೇರೇನೂ ಬೇಡ. ಟಾರ್ಚಿನ ಬೆಳಕಿನಲ್ಲಿ ಗೋಡೆಯ ಒಂದು ಭಾಗ ಮಿರಮಿರ ಹೊಳೆಯಿತು. ಎಣ್ಣೆಗೈ ತಾಗಿ ತಾಗಿ ಕಪ್ಪಗೆ ನುಣುಪಾಗಿತ್ತು. ಹತ್ತಿರದಿಂದ ನೋಡಿದರೆ ಅದರ ತುಂಬ ಬೆರಳ ಗೆಣ್ಣು ಊರಿದಷ್ಟು ಅಗಲದ ಸಣ್ಣ ಸಣ್ಣ ಗುಳಿಗಳು. ನಡುವೆ ಹಾದುಹೋದ ಬಿರುಕಿನ ಮೇಲೆ ಅವಳದೇ ಗಾಜಿನ ಪಟ್ಟಿ, ಅಂಟಿಸಿದ ಹಾಗೇ ಇತ್ತು.

ಬ್ಯಾಗಿನಿಂದ ಸಣ್ಣ ಸುತ್ತಿಗೆ ತೆಗೆದಳು. ಕೈ ಯಾಕೋ ತಡೆಯಿತು. ದಿಂಬುಗಳ ಸಾಲು ನೆನಪಾಯಿತು. ಬಡಿದಳು.

ಲಟಕ್.

ಗಾಜು ಎರಡಾಯಿತು. ಫೋಟೋಕ್ಕೆಂದು ಮೊಬೈಲು ಎತ್ತಿದಳು. ಆಗ ಗೋಡೆಯ ಒಳಗಿನಿಂದ ಅದೇ ಸದ್ದು ಮರಳಿ ಬಂತು. ಲಟಕ್. ಸ್ವಲ್ಪ ಮೇಲೆ ಇನ್ನೊಂದು. ಇಲಿ ಇರಬೇಕು ಎಂದುಕೊಂಡಳು. ಹಳೇ ಗಾರೆ, ಬಿಸಿಲಿಗೆ ಹಿಗ್ಗುತ್ತದೆ ಎಂದುಕೊಂಡಳು. ಲಟ. ಲಟ. ಲಟ. ಸೂರಿನ ಬಾವಲಿಗಳು ಒಟ್ಟಿಗೇ ಎದ್ದವು. ಕೊಬ್ಬರಿ ಎಣ್ಣೆಯ ವಾಸನೆ ಗಂಟಲಿಗೇ ಇಳಿಯಿತು. ಫೋಟೋ ತೆಗೆದಳು. ಹೊರಗೆ ಬಂದಳು. ಓಡಲಿಲ್ಲ, ಬೇಗ ನಡೆದಳು ಅಷ್ಟೆ. ಎದುರು ಜಗುಲಿಯಲ್ಲಿ ಟೀಚರ್ ಎದ್ದು ನಿಂತಿದ್ದರು. ಅವಳು ಅತ್ತ ನೋಡದೆ ಸ್ಕೂಟರ್ ಹತ್ತಿದಳು.

ಮನೆಯಲ್ಲಿ ಕೈಯನ್ನು ಸೋಪು ಹಾಕಿ ತೊಳೆದಳು. ತನ್ನ ಮಾತು ತನಗೇ ನೆನಪಾಗಿ ನಗು ಬಂತು. ಹೊರಗೆ ಬಂದರೆ ಬಾಗಿಲಲ್ಲಿ ಬಿಂದು. ಹೊಲಿಗೆಯಿಂದ ಅಂದೇ ಬಂದಿದ್ದ ಯೂನಿಫಾರಂ ಹಾಕಿಕೊಂಡು, ಎರಡು ಜಡೆಗೆ ಕೆಂಪು ಟೇಪು ಕಟ್ಟಿಸಿಕೊಂಡು, ಬೆನ್ನಿಗೆ ಖಾಲಿ ಬ್ಯಾಗು ಏರಿಸಿಕೊಂಡು ನಿಂತಿತ್ತು. "ಅಮ್ಮ, ನಾನು ಸ್ಕೂಲಿಗೆ ಹೋಗೋಳ್ ಥರ ಇದೀನಾ?"

ಹೇಮಶ್ರೀಗೆ ಕಣ್ಣು ತುಂಬಿತು. ಮಾಡಿದ್ದು ಸರಿ ಎನ್ನಿಸಿತು. ಮಂಡಿಯೂರಿ ಕೂತು, ಏನೂ ಯೋಚಿಸದೆ, ತನ್ನ ಅಮ್ಮ ತನಗೆ ಮಾಡುತ್ತಿದ್ದ ಹಾಗೆ, ಎರಡು ಅಂಗೈಯಿಂದ ಮಗುವಿನ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸವರಿ, ಬೆರಳುಗಳನ್ನು ಕಪಾಲಕ್ಕೆ ಒತ್ತಿದಳು.

ಬೆರಳು ಲಟಲಟ ಎಂದವು. "ಎಷ್ಟೊಂದು ದೃಷ್ಟಿ ಕಣೇ ನನ್ ಕಂದಂಗೆ," ಎಂದು ನಕ್ಕಳು. ಆದರೆ ಸದ್ದು ನಿಲ್ಲಲಿಲ್ಲ. ಕೈ ಕೆಳಗಿಳಿಸಿದಳು. ತೊಡೆಯ ಮೇಲೆ ಸುಮ್ಮನೆ ಇಟ್ಟ ಬೆರಳುಗಳು ಒಂದಾದ ಮೇಲೊಂದು ತಾವೇ ಮಡಿಚಿಕೊಂಡು, ತಾವೇ ನೆಟಿಗೆ ಮುರಿದವು. ಲಟ. ಲಟ. ಬಿಂದು ಅದನ್ನು ಆಟವೆಂದು ತಿಳಿದು ನಗುತ್ತಿತ್ತು.

ಮರುದಿನ ಮಗು ಊಟ ಬೇಡ ಎಂದಿತು. ಅದರ ಮರುದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. ಕೆನ್ನೆಯ ಮೇಲೆ ಕೂದಲೆಳೆಯಂಥ ಗೆರೆಗಳು ಮೂಡಿದವು. ಹಣೆಯಿಂದ ಗಲ್ಲದವರೆಗೆ, ತಾಯಿಯ ಬೆರಳು ಹರಿದ ದಾರಿಯಲ್ಲೇ, ಚರ್ಮ ಒಣಗಿದ ಗಾರೆಯ ಹಾಗೆ ಸಣ್ಣಗೆ ಬಿರಿಯತೊಡಗಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಕಾಣದೆ ಮುಲಾಮು ಕೊಟ್ಟರು. ಹೇಮಶ್ರೀ ಅದನ್ನು ಹೊತ್ತು ಹೊತ್ತಿಗೆ ತನ್ನ ಕೈಯಾರೆ ಹಚ್ಚಿದಳು. ಹಚ್ಚಿದಷ್ಟೂ ಬಿರುಕು ಆಳವಾಯಿತು. ಗಂಜಿ ಕುಡಿಸಿದಳು, ವಾಂತಿಯಾಯಿತು. ತಲೆ ನೇವರಿಸಿದಳು, ಕೂದಲು ಕೈಗೆ ಬಂತು. ದಸರಾ ರಜ ಮುಗಿಯುತ್ತ ಬಂದಿತ್ತು. ಯೂನಿಫಾರಂ ಮೊಳೆಗೆ ನೇತು ಹಾಕಿದ ಹಾಗೇ ಇತ್ತು. ಈ ನಡುವೆ ಅವಳ ವರದಿ ಹೋಗಿ, ಒಡೆಯಲು ಅಪ್ಪಣೆಯೂ ಆಗಿತ್ತು.

ವರದಿಯ ವಿಷಯಕ್ಕೇ ಅವಳು ಒಂದು ದಿನ ಕಚೇರಿಯಲ್ಲಿ ಉಳಿಯಬೇಕಾಯಿತು. ಗೌತಮ ರಜ ಹಾಕಿ ಮಗುವಿನ ಹತ್ತಿರ ಕೂತ. ಅವಳು ಸಂಜೆ ಬರುವಾಗ ಬಿಂದು ದಿಂಬಿಗೆ ಒರಗಿ ಕೂತು ಬಿಸ್ಕತ್ತು ತಿನ್ನುತ್ತಿತ್ತು. ಕೆನ್ನೆಯ ಗೆರೆಗಳು ಮಾಸಿದ್ದವು.

"ನೋಡು, ನಾನು ನೋಡ್ಕೊಂಡ್ರೆ ಎಂಗೆ," ಎಂದು ಗೌತಮ ತಮಾಷೆ ಮಾಡಿದ.

ಹೇಮಶ್ರೀ ಓಡಿ ಹೋಗಿ ಮಗುವನ್ನು ತಬ್ಬಿ, ಹಣೆಗೆ ಕೈಯಿಟ್ಟಳು. ಬೆರಳ ಗೆಣ್ಣು ತಾನಾಗಿ ಲಟಕ್ ಎಂದಿತು. ಕೈಯಡಿಯಲ್ಲೇ ಮಗುವಿನ ಹಣೆ ಬಿರಿಯಿತು. ಬಿಸ್ಕತ್ತು ಕೆಳಗೆ ಬಿತ್ತು.

ಅವಳು ಕೈ ಕಿತ್ತುಕೊಂಡಳು. ಆಗ ಅವಳಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಮಗುವನ್ನು ಇಷ್ಟು ದಿನ ಕೊಲ್ಲುತ್ತಿದ್ದುದು ತನ್ನ ಆರೈಕೆಯೇ. ಆ ರಾತ್ರಿಯೆಲ್ಲ ಅವಳು ಹಜಾರದಲ್ಲಿ, ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಿದ್ದಳು. ಒಳಗೆ ಬಿಂದು ಅಮ್ಮಾ ಎಂದು ನರಳುತ್ತಿತ್ತು. ಬಾ ಎಂದರೂ ಅವಳು ಹೋಗಲಿಲ್ಲ.

ಬೆಳಗಾಗುತ್ತಲೇ ನಜರ್‌ಬಾದಿಗೆ ಹೋದಳು. ಟೀಚರ್ ಜಗುಲಿಯಲ್ಲೇ ಇದ್ದರು. ಅವಳ ಮುಖ ನೋಡಿ ಏನೂ ಹೇಳಿಸಿಕೊಳ್ಳಲಿಲ್ಲ.

"ಏನು ಒಡೆದ್ರಿ?"

"ಗಾಜು. ಗಾಜಿನ ಪಟ್ಟಿ." ಅವಳ ದನಿ ಒಡೆಯಿತು. "ಗೋಡೆ ಗಟ್ಟಿಯಾಗೇ ಇತ್ತು ಟೀಚರ್. ಕಟ್ಟಡ ಪೂರ್ತಿ ಗಟ್ಟಿ ಇತ್ತು. ಸುಳ್ಳು ಬರ್ದೆ. ಮಗೂಗೆ ಸೀಟು ಬೇಕಿತ್ತು. ಮಗೂನ್ನ ಮುಟ್ದೆ."

ಟೀಚರ್ ಕಣ್ಣು ಮುಚ್ಚಿಕೊಂಡರು. "ತಿಮ್ಮಮ್ಮ ಹಾಕಿದ ಕಡೇನೇ ಹಾಕ್ಬೇಕು. ಗೋಡೆಗೆ ಕೈ ಒತ್ತಿ ನೆಟಿಗೆ ಮುರೀರಿ. ಬೇಗ ಹೋಗಿ. ಗೋಡೆ ಇದ್ರೆ ತಾನೇ ಹಾಕೋಕಾಗೋದು."

ಅಷ್ಟರಲ್ಲಿ ಬೀದಿಯ ತುದಿಯಿಂದ ಜೆಸಿಬಿಯ ಸದ್ದು ಕೇಳಿಸಿತು. ಒಡೆಯುವ ದಿನ ಅದೇ ಆಗಿತ್ತು. ಕೂಡಲೇ ಒಡೆಯಬೇಕೆಂದು ತಾನೇ ಬರೆದು ಕೊಟ್ಟದ್ದರ ಫಲ.

ಓಡಿದಳು. ಬಾಗಿಲು ತೆಗೆದಿತ್ತು. ಕತ್ತಲು. ವಾಸನೆ. ಗೋಡೆ ಅಲ್ಲೇ ಇತ್ತು. ಎರಡು ಕೈಯನ್ನೂ ಆ ನುಣುಪಿನ ಮೇಲೆ ಇಟ್ಟಳು. ಗೋಡೆ ಬೆಚ್ಚಗಿತ್ತು. ಗುಳಿಗಳಲ್ಲಿ ಬೆರಳು ಸರಿಯಾಗಿ ಕೂತವು. ಒತ್ತಿದಳು. ಲಟ. ಲಟ. ಲಟ. ಒಂದೊಂದು ಸದ್ದಿಗೂ ಕೈ ಹಗುರಾಯಿತು. "ತಿಮ್ಮಮ್ಮ, ತಗೊ. ತಪ್ಪಾಯ್ತು. ತಗೊಂಬುಡು." ಅಳುತ್ತ ಒತ್ತಿದಳು. ಕೊನೆಗೆ ಬೆರಳು ಸದ್ದು ಮಾಡಲಿಲ್ಲ. ಎಲ್ಲ ನಿಶ್ಶಬ್ದವಾಯಿತು.

ಮೊಬೈಲು ಬಡಿದುಕೊಂಡಿತು. ಗೌತಮ. "ಏ, ಎಲ್ಲಿದೀಯ? ಬಿಂದು ಎದ್ಬುಟ್ಲು ಕಣೇ. ಮುಖ ಎಲ್ಲಾ ಸರಿಯಾಗಿದೆ. ದೋಸೆ ಬೇಕಂತೆ."

ಅವಳು ಗೋಡೆಗೆ ಹಣೆಯಿಟ್ಟು ನಿಂತಳು. ಮಗು ಬದುಕಿತು ಎನ್ನಿಸಿತು. ಹೊರಗೆ ಬಂದಳು. ವೃಷಭೇಂದ್ರಪ್ಪನವರು ಕೊಡೆ ಹಿಡಿದು ನೆರಳಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಜೆಸಿಬಿ ಬಕೆಟ್ ಎತ್ತಿಕೊಂಡಿತ್ತು.

"ನಿಲ್ಸಿ ಸರ್. ಗೋಡೆ ಗಟ್ಟಿ ಇದೆ. ಗಾಜು ನಾನೇ ಒಡೆದಿದ್ದು. ವರದಿ ಸುಳ್ಳು."

ಅವರು ಸುತ್ತ ನೋಡಿ, ಅದೇ ಮೃದು ದನಿಯಲ್ಲಿ ಹೇಳಿದರು. "ಜನರ ಜೀವಕ್ಕೆ ಅಪಾಯ ಅಂತ ಬರ್ದೋರು ನೀವೇ ಅಲ್ವಾ ಮೇಡಂ? ಈಗ ಇಲ್ಲ ಅಂದ್ರೆ ನಿಮ್ಮ ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ಪಕ್ಕಕ್ಕೆ ಬನ್ನಿ. ಸೋಮವಾರ ಮಗೂನ್ನ ಕಳ್ಸಿ." ಆಮೇಲೆ ಡ್ರೈವರಿಗೆ ಕೈ ಬೀಸಿದರು.

ಅವಳು ಅಡ್ಡ ಹೋದಳು. ಯಾರೋ ಹಿಡಿದೆಳೆದರು. ಬಕೆಟ್ ಬಲಗೋಡೆಗೆ ಬಡಿಯಿತು. ಗೋಡೆ ಅಲುಗಲಿಲ್ಲ. ಮತ್ತೆ ಬಡಿಯಿತು. ಅಲುಗಲಿಲ್ಲ. ಡ್ರೈವರು ಕೆಳಗಿಳಿದು ಗೋಡೆ ಮುಟ್ಟಿ ನೋಡಿದ. "ಭಾಳ ಗಟ್ಟಿ ಐತೆ ಸಾ. ಇದನ್ಯಾರು ಬೀಳ್ತದೆ ಅಂದಿದ್ದು?"

ಅಲ್ಲಿದ್ದವರೆಲ್ಲ ಹೇಮಶ್ರೀಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಜೆಸಿಬಿ ಹಿಂದೆ ಸರಿದು, ಜೋರಾಗಿ ಬಂತು.

ಗೋಡೆ ಬಿದ್ದ ಸದ್ದನ್ನು ಬೀದಿಯವರೆಲ್ಲ ಕೇಳಿದರು, ಕಲ್ಲು ಬಿದ್ದ ಸದ್ದೆಂದೇ ತಿಳಿದರು. ಅವಳು ಕೇಳಿದ್ದು ಬೇರೆ. ಎಷ್ಟೋ ಬೆಳಗುಗಳ ನೆಟಿಗೆ ಒಂದೇ ಉಸಿರಿನಲ್ಲಿ ಮುರಿಯಿತು. ಲಟಲಟಲಟ. ಧೂಳು ಎದ್ದಿತು. ಕೆಂಪು ಧೂಳು. ಕೊಬ್ಬರಿ ಎಣ್ಣೆಯ ವಾಸನೆಯ ಧೂಳು. ಗಾಳಿಯಿರಲಿಲ್ಲ. ಆದರೂ ಅದು ಅವಳ ಕಡೆಗೇ ಬಂತು. ಮುಖಕ್ಕೆ ತಾಗಲಿಲ್ಲ. ಸೀರೆಗೆ ತಾಗಲಿಲ್ಲ. ಕೈಗೆ ಬಂತು. ಮೊದಲು ಒಡೆದ ಆ ಅಂಗೈಯಲ್ಲಿ ಕೂತಿತು. ಚರ್ಮದೊಳಗೆ ಇಳಿಯಿತು. ಹೆಸರು ಗೊತ್ತಿಲ್ಲದ ಎಷ್ಟೋ ಹುಡುಗಿಯರ ಮೇಲೆ ಬಿದ್ದ ಕಣ್ಣುಗಳೆಲ್ಲ. ಇಡಲು ಇನ್ನು ಗೋಡೆಯಿರಲಿಲ್ಲ.

ಬಿಂದು ಉಳಿಯಿತು. ಸೋಮವಾರದಿಂದ ಶಾಲೆಗೂ ಹೋಗುತ್ತಿದೆ. ತಲೆ ಬಾಚುವುದು, ಸ್ನಾನ ಮಾಡಿಸುವುದು, ತುತ್ತು ತಿನ್ನಿಸುವುದು ಎಲ್ಲ ಗೌತಮನದೇ. ಅವನು ಹಾಕಿದ ಜಡೆ ಸೊಟ್ಟಗಿರುತ್ತದೆ. ಹೇಮಶ್ರೀ ತನ್ನ ಸುಳ್ಳನ್ನು ಕಚೇರಿಯಲ್ಲಿ ಬರೆದು ಕೊಟ್ಟಳು, ಕೆಲಸ ಹೋಯಿತು. ಗಂಡನಿಗೂ ಹೇಳಿದಳು. ಅವನು ಸುಳ್ಳನ್ನು ನಂಬಿದ, ಗೋಡೆಯನ್ನು ನಂಬಲಿಲ್ಲ. ಮಗುವಿಗೆ ಹೇಳುವ ಹಾಗಿಲ್ಲ. ಅಮ್ಮಂಗೆ ನಾನು ಇಷ್ಟ ಇಲ್ಲ ಎಂದು ಅದು ಅಪ್ಪನ ಹತ್ತಿರ ಹೇಳಿದ್ದು ಒಂದು ದಿನ ಅವಳ ಕಿವಿಗೆ ಬಿತ್ತು. ಹಾಗೆ ಅಂದುಕೊಂಡರೆ ಅಂದುಕೊಳ್ಳಲಿ, ಬದುಕಿರಲಿ ಎಂದು ಬಚ್ಚಲಿಗೆ ಹೋಗಿ ಅತ್ತಳು.

ಆದರೂ ಬೆಳಿಗ್ಗೆ ಶಾಲೆಯ ಗೇಟಿನವರೆಗೆ ಅವಳೇ ಹೋಗುತ್ತಾಳೆ. ಅಲ್ಲಿ ಬೇರೆ ತಾಯಂದಿರು ಮಕ್ಕಳ ಕೂದಲು ತೀಡಿ, ಕೆನ್ನೆ ಸವರಿ ಒಳಗೆ ಕಳಿಸುತ್ತಿರುತ್ತಾರೆ.

"ಅಮ್ಮ, ದೃಷ್ಟಿ ತೆಗಿ," ಎಂದು ಬಿಂದು ಮುಖವೆತ್ತುತ್ತದೆ.

ಹೇಮಶ್ರೀ ಎರಡು ಕೈಯನ್ನೂ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಅಲ್ಲಿ ಬೆರಳುಗಳು ಲಟಲಟ ಎನ್ನುತ್ತಿರುತ್ತವೆ. "ಹೊತ್ತಾಯ್ತು, ಹೋಗು," ಎನ್ನುತ್ತಾಳೆ.

ಬಿಂದು ಸ್ವಲ್ಪ ಹೊತ್ತು ಹಾಗೇ ಮುಖವೆತ್ತಿ ಕಾಯುತ್ತದೆ. ಆಮೇಲೆ ತನ್ನ ಪುಟ್ಟ ಕೈಗಳಿಂದ ತಾನೇ ತನ್ನ ಕೆನ್ನೆ ಸವರಿಕೊಂಡು ಒಳಗೆ ಹೋಗುತ್ತದೆ.